ನಾಲ್ಕನೇ ಪಟ್ಟೆ

ನಮ್ಮ ನಡುಮನೆಯಲ್ಲಿ ನನ್ನ ಜಾಗ ನಾಲ್ಕನೇ ಪಟ್ಟೆ. ಬಾಗಿಲ ಕಡೆಯಿಂದ ಎಣಿಸಿಕೊಂಡು ಬಂದರೆ ನಾಲ್ಕನೇ ಕತ್ತಲು. ಅದರ ಎಡಕ್ಕೂ ಬಲಕ್ಕೂ ನೆಲಕ್ಕೆ ಬಿದ್ದ ಸಾಸಿವೆ ಹೆಕ್ಕುವಷ್ಟು ಬೆಳಕು. ನಡುವೆ ಒಂದು ಚಾಪೆ ಹಾಸುವಷ್ಟು ಅಗಲದಲ್ಲಿ ನಾನು. ಮದುವೆಯಾಗಿ ಬಂದ ಮಾರನೆಯ ದಿನ ನಮ್ಮತ್ತೆ ಆ ಜಾಗ ತೋರಿಸಿ, ಇಲ್ಲಿಂದ ಅಡುಗೆಮನೆಗೂ ಹತ್ತಿರ, ಉಗ್ರಾಣಕ್ಕೂ ಹತ್ತಿರ ಎಂದಿದ್ದರು. ಪಕ್ಕದ ಬೆಳಕಿನಲ್ಲಿ ಇವರ, ಅಂದರೆ ನನ್ನ ಗಂಡನ, ಕುರ್ಚಿ. ನಾನು ಕೌದಿ ಹೊಲಿಯುವವಳು. ಸೂಜಿ ಹಿಡಿದ ಕೈ ಚಾಚಿದಾಗ ಬೆಳಕಿಗೆ ಹೋಗುತ್ತಿತ್ತು, ಎಳೆದುಕೊಂಡಾಗ ಕತ್ತಲಿಗೆ ಬರುತ್ತಿತ್ತು. ಇಪ್ಪತ್ತು ವರ್ಷ ಹಾಗೇ ಹೊಲಿದೆ. ದೂರಲಿಲ್ಲ. ಯಾವ ಮನೆಯಾದರೂ ಯಾರಾದರೊಬ್ಬರು ಕತ್ತಲಲ್ಲಿ ಕೂರಲೇಬೇಕು, ನಡುಮನೆ ಇರುವುದೇ ಅಷ್ಟು.

ನಮ್ಮ ಊರಿನ ನಡುಮನೆಗಳಿಗೆ ಕಿಟಕಿ ಇಡುವುದಿಲ್ಲ. ಮದುವೆಯ ದಿನ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ನೋಡುತ್ತಿರುವಾಗ ಒಂದೇ ಬತ್ತಿಯ ಉರಿಯನ್ನು ಎರಡು ಹಣತೆಗೆ ಹಂಚುತ್ತಾರೆ. ಒಂದು ಗಂಡನದು, ಒಂದು ಹೆಂಡತಿಯದು. ಮೂಡಣ ಗೋಡೆಯ ಎರಡು ಗೂಡುಗಳಲ್ಲಿ, ಒಂದಕ್ಕೊಂದು ಗೇಣು ದೂರದಲ್ಲಿ, ಗಾರೆ ಹಾಕಿ ಕೂರಿಸುತ್ತಾರೆ. ಆಮೇಲೆ ಎದುರಿನ ಸುಣ್ಣದ ಗೋಡೆಯ ಮೇಲೆ ಪಟ್ಟೆಗಳು ಏಳುತ್ತವೆ, ಒಂದು ಬೆಳಕು, ಒಂದು ಕತ್ತಲು, ಮತ್ತೆ ಬೆಳಕು. ಬೆಳಕಿನ ಪಟ್ಟೆಯಲ್ಲಿ ಎರಡು ದೀಪ ಇದ್ದರೂ ನಾಲ್ಕು ದೀಪದಷ್ಟು ಪ್ರಕಾಶ. ಕತ್ತಲಿನ ಪಟ್ಟೆಯಲ್ಲಿ ಎರಡು ದೀಪ ಎದುರಿಗೇ ಉರಿಯುತ್ತಿದ್ದರೂ ಏನೂ ಇಲ್ಲ. ಎರಡು ಉರಿಗಳು ಹೆಜ್ಜೆ ತಪ್ಪದಿರಲಿ ಎಂದು ದಿನಾ ಸಂಜೆ ಗಂಡ ಹೆಂಡತಿ ಜೊತೆಗೆ ನಿಂತು ಬತ್ತಿ ಸರಿಮಾಡುತ್ತಾರೆ, ಒಂದೇ ಗಿಂಡಿಯಿಂದ ಎಣ್ಣೆ ಹಾಕುತ್ತಾರೆ. ಆದರೆ ಅವರವರ ಹಣತೆಗೆ ಅವರವರೇ. ಹೆಂಡತಿಯ ದೀಪವನ್ನು ಗಂಡ ಮುಟ್ಟುವಂತಿಲ್ಲ, ಗಂಡನದನ್ನು ಹೆಂಡತಿ ಮುಟ್ಟುವಂತಿಲ್ಲ. ಮಗಳಿಗೆ ಗಂಡು ಗೊತ್ತಾದರೆ ಗಂಡಿನವರು ಬಂದು ಮೊದಲು ನೋಡುವುದು ಗೋಡೆಯನ್ನು. ಪಟ್ಟೆ ಅಚ್ಚುಕಟ್ಟಾಗಿದ್ದರೆ ಆ ಮನೆ ಒಳ್ಳೆಯದು. ಗೋಡೆ ಬರಿದಾಗಿದ್ದರೆ ನೀರು ಕುಡಿದು ಎದ್ದು ಹೋಗುತ್ತಾರೆ.

ನಾನು ಬೆಳೆದದ್ದು ಬರಿಗೋಡೆಯ ಮನೆಯಲ್ಲಿ. ನನಗೆ ಆರು ವರ್ಷವಾದಾಗ ಅಪ್ಪ ಹೋದರು. ಅವರ ಹಣತೆಯನ್ನು ಅವತ್ತೇ ಆರಿಸಿದರು. ಅವ್ವನದೊಂದೇ ಉಳಿಯಿತು. ಒಂಟಿ ದೀಪಕ್ಕೆ ಪಟ್ಟೆ ಏಳುವುದಿಲ್ಲ. ಸಾದಾ ಬೆಳಕು, ಮೂಲೆಯಿಂದ ಮೂಲೆಗೆ ಒಂದೇ ಸಮ. ಅವ್ವ, ನಾನು, ನನ್ನ ತಮ್ಮ ಎಲ್ಲಿ ಬೇಕೆಂದರಲ್ಲಿ ಕೂತು ಉಣ್ಣುತ್ತಿದ್ದೆವು, ಯಾರ ಮುಖವೂ ಯಾರಿಗೂ ಮರೆಯಾಗುತ್ತಿರಲಿಲ್ಲ. ಅದು ಬಡತನದ ಬೆಳಕು ಎಂದು ನನಗೆ ಗೊತ್ತಾಗಿದ್ದು ಗಂಡನ ಮನೆಗೆ ಬಂದ ಮೇಲೆ. ಒಂಟಿ ದೀಪದ ಹುಡುಗಿಯನ್ನು ತಂದುಕೊಂಡೆವು ಎಂದು ನಮ್ಮತ್ತೆ ಸಾಯುವತನಕ ಬಂದವರ ಮುಂದೆ ಹೇಳುತ್ತಿದ್ದರು, ಅದೂ ಬೈಯುವ ಹಾಗಲ್ಲ, ತಮ್ಮ ದೊಡ್ಡತನಕ್ಕೆ ತಾವೇ ಬೆರಗಾದ ಹಾಗೆ.

ಎರಡು ವರ್ಷದ ಕೆಳಗೆ ಅವ್ವ ಹಾಸಿಗೆ ಹಿಡಿದಳು. ಮೇಲಿನ ಕೇರಿಯಲ್ಲಿರುವ ತವರಿಗೆ ಹೋದವಳು ಅವಳನ್ನು ಬಿಟ್ಟು ಬರಲಾಗದೆ ಹದಿನಾರು ದಿನ ಅಲ್ಲೇ ಇದ್ದೆ. ಹೋಗುವಾಗ ನನ್ನ ಹಣತೆಗೆ ತುಂಬ ಎಣ್ಣೆ ಹಾಕಿದ್ದೆ, ಆದರೆ ಹದಿನಾರು ದಿನಕ್ಕೆ ಯಾವ ಹಣತೆ ಸಾಕಾದೀತು. ನಮ್ಮದು ಎಣ್ಣೆಯ ವ್ಯಾಪಾರ. ಮುಂದಿನ ಅಂಗಡಿಯಲ್ಲಿ ಐದು ಪೀಪಾಯಿ ಎಣ್ಣೆ, ಇಡೀ ಊರಿನ ದೀಪಗಳಿಗೆ ಇವರೇ ಅಳೆದು ಕೊಡುವುದು. ಆ ಮನೆಯೊಳಗೆ, ಇವರ ಕುರ್ಚಿಯಿಂದ ಎಂಟು ಹೆಜ್ಜೆ ದೂರದಲ್ಲಿ, ನನ್ನ ದೀಪ ಎಣ್ಣೆಯಿಲ್ಲದೆ ಆರಿತು. ಮಗಳು ಸುಗಂಧಿ ನನ್ನ ಜೊತೆಗೆ ತವರಿನಲ್ಲಿದ್ದಳು.

ಅವ್ವ ತೀರಿಕೊಂಡ ಮೇಲೆ ಅವಳ ಒಲೆ ದೀಪ ಎರಡನ್ನೂ ಆರಿಸಬೇಕು, ಅದು ಪದ್ಧತಿ. ನನ್ನ ತಮ್ಮ ಹಣತೆ ಆರಿಸಲು ಬಾಗಿದಾಗ ಒಂದು ಗಳಿಗೆ ತಡಿ ಎಂದೆ. ಕಂದೀಲು ತಂದು ಆ ಉರಿಯನ್ನು ಬತ್ತಿಗೆ ಹತ್ತಿಸಿಕೊಂಡೆ. ಯಾಕೆ ಅಂತ ಅವನೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ ನನ್ನ ಗೂಡು ಕಪ್ಪಗಿತ್ತು. ಇವರು ಕುರ್ಚಿಯಲ್ಲಿ ಕೂತಿದ್ದರು. ಇವರ ದೀಪದಿಂದ ನನ್ನದನ್ನು ಹತ್ತಿಸಿಕೊಂಡಿದ್ದರೆ ಮುಗಿಯುತ್ತಿತ್ತು, ಪಟ್ಟೆಗಳು ಮರಳಿ ಬರುತ್ತಿದ್ದವು. ನಾನು ಕಂದೀಲಿನಿಂದ ಹತ್ತಿಸಿದೆ.

ಅವ್ವನ ಉರಿಗೂ ಇವರ ಉರಿಗೂ ಏನು ಸಂಬಂಧ. ಎರಡು ದೀಪ ಉರಿದರೂ ಗೋಡೆ ಬರಿದಾಗಿಯೇ ಉಳಿಯಿತು. ನಡುಮನೆಯ ತುಂಬ ಸಾದಾ ಬೆಳಕು ಹರಡಿಕೊಂಡಿತು. ಇವರು ಎದ್ದು ನಿಂತು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಊಟಕ್ಕೆ ಹಾಕು ಎಂದರು. ಅವತ್ತಿನಿಂದ ಇವರು ಪೇಪರನ್ನು ಕಣ್ಣಿಗೆ ಸ್ವಲ್ಪ ಹತ್ತಿರ ಹಿಡಿಯತೊಡಗಿದರು, ಅಷ್ಟೆ. ನಾನು ನನ್ನ ಜಾಗದಲ್ಲಿ ಕೂತು ಮೊದಲ ಸಲ ನನ್ನ ಮಡಿಲನ್ನು ಸರಿಯಾಗಿ ನೋಡಿದೆ. ಹಳೆಯ ಹೊಲಿಗೆಗಳನ್ನು ತೆಗೆದು ನೋಡಿದರೆ ಒಂದೂ ನೆಟ್ಟಗಿರಲಿಲ್ಲ. ಕತ್ತಲಿಗೆ ಬಂದಲ್ಲೆಲ್ಲ ದಾರ ಓರೆಯಾಗಿತ್ತು. ಯಾರಿಗೂ ತಿಳಿಯಬಾರದೆಂದು ಗೋಡೆಗೆ ಉದ್ದಕ್ಕೂ ಕೌದಿಗಳನ್ನು ನೇತುಹಾಕಿದೆ. ಬಂದವರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸುತ್ತಿದ್ದೆ. ಬೀದಿಯಲ್ಲಿ ಯಾರಾದರೂ ನಿಂತು ಒಳಗೆ ಇಣುಕಿದರೆ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಎರಡು ವರ್ಷ ನಾನು ನೆಮ್ಮದಿಯಾಗಿದ್ದೆ ಎನ್ನಲಾರೆ. ಕಣ್ಣಿಗೆ ಹಿತವಿತ್ತು, ಕಾಲು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಈ ವರ್ಷ ಸುಗಂಧಿಗೆ ಗಂಡು ಬಂತು. ಬಂತು ಎನ್ನುವುದಕ್ಕಿಂತ ಅವಳೇ ನೋಡಿಕೊಂಡಳು ಎನ್ನಬೇಕು. ಹುಡುಗನ ಹೆಸರು ಚಂದ್ರಮೌಳಿ, ಕನ್ನಡಿಗಳಿಗೆ ಹಿಂದಿನಿಂದ ರಸ ಬಳಿಯುವ ಕೆಲಸ. ನಮ್ಮ ಮನೆಯ ಹಳೆ ಕನ್ನಡಿ ರಿಪೇರಿಗೆ ಮೂರು ಸಲ ಬಂದ. ಕನ್ನಡಿ ಮೊದಲನೇ ಸಲಕ್ಕೇ ಸರಿಹೋಗಿತ್ತು. ಅವನ ತಾಯಿ ಕೊಟ್ರಮ್ಮ ಶುಕ್ರವಾರ ಬೆಳಿಗ್ಗೆ ಗೋಡೆ ನೋಡಲು ಬರುತ್ತೇವೆ, ಹಾಲಮ್ಮಜ್ಜಿಯನ್ನೂ ಕರೆತರುತ್ತೇವೆ ಎಂದು ಹೇಳಿಕಳಿಸಿದರು. ಹಾಲಮ್ಮಜ್ಜಿ ನಮ್ಮೂರಿನಲ್ಲಿ ಐವತ್ತು ವರ್ಷದಿಂದ ಗೋಡೆ ನೋಡುವವಳು. ಅವಳು ಎಣಿಸಿ ಹೇಳಿದ್ದೇ ಎಣಿಕೆ.

ಸುಗಂಧಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ನೀರು ತುಂಬಿದ ಬೋಗುಣಿಯಲ್ಲಿ ಎರಡು ಬೆರಳನ್ನು ಒಟ್ಟಿಗೆ ಅದ್ದಿ ಎತ್ತಿ, ಅದ್ದಿ ಎತ್ತಿ ಮಾಡಿದಳು. ಎರಡು ಕಡೆಯಿಂದ ಅಲೆಗಳೆದ್ದು ಒಂದರೊಳಗೊಂದು ಹೊಕ್ಕು, ನಡುವೆ ಅಲ್ಲಲ್ಲಿ ನೀರು ಅಲುಗದೆ ಗೆರೆ ಎಳೆದ ಹಾಗೆ ನಿಂತುಬಿಟ್ಟಿತು. ಆಮೇಲೆ ಒಂದು ಬೆರಳನ್ನು ಒಂದು ರೀತಿ, ಇನ್ನೊಂದನ್ನು ಇನ್ನೊಂದು ರೀತಿ, ಮನಸ್ಸಿಗೆ ಬಂದಂತೆ ಅದ್ದಿದಳು. ಗೆರೆಗಳು ಹೋಗಿ ಬೋಗುಣಿಯ ತುಂಬ ಬರೀ ಕಲಕು.

"ಇಷ್ಟೇ ಅಲ್ವೇನವ್ವಾ," ಎಂದಳು. "ಒಂದೇ ಉರಿಯಿಂದ ಹತ್ತಿಸಿದ್ರೆ ಗೆರೆ ಬರ್ತಾವೆ. ಗಂಡ ಹೆಂಡ್ತಿ ಹೆಂಗಿದಾರೆ ಅಂತ ಗೋಡೆಗೇನು ಗೊತ್ತು. ಅಪ್ಪನ ದೀಪದಿಂದ ನಿಂದನ್ನ ಹತ್ತಿಸ್ಕೋ. ಒಂದು ಉಸಿರಿನ ಕೆಲಸ."

"ಆ ಒಂದು ಉಸಿರಿಗೆ ನಿಮ್ಮಜ್ಜಿ ಹೋಗ್ತಾಳೆ," ಎಂದೆ.

ಅವಳಿಗೆ ಅದು ಗೊತ್ತಿರಲಿಲ್ಲ. ಅವತ್ತು ತಂದ ಕಂದೀಲು ದಾರಿಯ ಬೆಳಕಿಗೆ, ಹಣತೆಯನ್ನು ನಾನು ಬೆಂಕಿಕಡ್ಡಿ ಗೀರಿ ಹತ್ತಿಸಿದ್ದೇನೆ, ಅಪ್ಪನ ಮೇಲಿನ ಸಿಟ್ಟಿಗೆ ಹಾಗೆ ಮಾಡಿದ್ದೇನೆ ಎಂದುಕೊಂಡಿದ್ದಳಂತೆ. ಬೂದಿ ಮೆತ್ತಿದ ಕೈಯನ್ನು ಬೋಗುಣಿಯ ನೀರಿನಲ್ಲಿ ತೊಳೆದುಕೊಂಡಳು. ಆಮೇಲೆ, ಹಾಗಾದರೆ ಆರಿಸಬೇಡ, ನಾನು ಚಂದ್ರಮೌಳಿಗೆ ಹೇಳುತ್ತೇನೆ ಎಂದಳು. ಅದನ್ನು ಹೇಳುವಾಗ ಅವಳ ಗಲ್ಲ ನಡುಗಿತು. ನನಗೆ ಅದೇ ಕಷ್ಟವಾಯಿತು. ಹಟ ಮಾಡಿದ್ದರೆ ನಾನೂ ಹಟ ಮಾಡಬಹುದಿತ್ತು.

ಅವತ್ತು ಸಂಜೆ ಬತ್ತಿ ಸರಿಮಾಡಲು ಗೂಡಿನ ಮುಂದೆ ನಿಂತಿದ್ದೆವು. ಎರಡು ವರ್ಷದಲ್ಲಿ ಅದೊಂದನ್ನು ಮಾತ್ರ ನಾವು ಬಿಟ್ಟಿರಲಿಲ್ಲ, ಪಟ್ಟೆ ಇರಲಿ ಬಿಡಲಿ. ನಾನು ಇವರಿಗೆ ಹೇಳಿದೆ, ಶುಕ್ರವಾರ ಬೆಳಿಗ್ಗೆ ನಿಮ್ಮ ದೀಪದಿಂದ ಹತ್ತಿಸಿಕೊಳ್ಳುತ್ತೇನೆ, ಅವ್ವನದನ್ನು ಕಂದೀಲಿಗೆ ತೆಗೆದು ಉಗ್ರಾಣದಲ್ಲಿ ಇಡುತ್ತೇನೆ ಎಂದು. ಅಡುಗೆಮನೆಯಲ್ಲಿಟ್ಟರೆ ಬಂದ ಹೆಂಗಸರು ಅಲ್ಲಿಗೇ ನುಗ್ಗುತ್ತಾರೆ. ಹಿತ್ತಲಲ್ಲಿ ಗಾಳಿ. ಇನ್ನೊಂದು ಮನೆಯ ಉರಿಯನ್ನು ಇಟ್ಟುಕೊಳ್ಳುವವರು ಈ ಊರಿನಲ್ಲಿ ಇಲ್ಲ. ಇವರು ತಲೆಯಾಡಿಸಿದರು. ಬತ್ತಿ ಸರಿಮಾಡಿದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ನಿಂದು ಸಣ್ಣಗಾಗಿದ್ದು ನಾನು ನೋಡ್ದೆ," ಎಂದರು. "ಅವತ್ತು. ಪೂರ್ತಿ ಒಂದು ಸಂಜೆ ನೋಡ್ದೆ. ಗಿಂಡಿ ಕೈಯಾಗೇ ಇತ್ತು. ಕೈ ಮುಂದಕ್ಕೆ ಹೋಗ್ಲಿಲ್ಲ."

ಎರಡು ವರ್ಷ ಈ ಮಾತಿಗೆ ಕಾದಿದ್ದೆನೇನೋ. ಬಂದಾಗ ಇವರ ಇನ್ನೊಂದು ಕೈಯಲ್ಲಿದ್ದ ಗಿಂಡಿ ಓರೆಯಾಗಿದ್ದು ಕಂಡಿತು. ಎಣ್ಣೆ ಚೆಲ್ಲೀತು, ಸರಿಯಾಗಿ ಹಿಡಿರಿ ಎಂದೆ.

ಶುಕ್ರವಾರ ಸ್ನಾನ ಮಾಡಿ ಅವ್ವನ ಉರಿಯನ್ನು ಕಂದೀಲಿಗೆ ತೆಗೆದೆ. ಆತುರದಲ್ಲಿ ತಳದಲ್ಲಿದ್ದ ಎಣ್ಣೆಯೇ ಸಾಕು, ಎಷ್ಟು ಹೊತ್ತು ಕೂತಾರು ಅಂದುಕೊಂಡೆ. ಕಂದೀಲನ್ನು ಉಗ್ರಾಣದಲ್ಲಿ ಜೋಳದ ಚೀಲಗಳ ಹಿಂದೆ ಇಟ್ಟು ಬಂದು, ನನ್ನ ಹಣತೆಯನ್ನು ಊದಿ, ಇವರ ದೀಪದಿಂದ ಹತ್ತಿಸಿದೆ. ನಾನು ತಿರುಗುವಷ್ಟರಲ್ಲಿ ಸುಗಂಧಿ ಕೌದಿಗಳನ್ನು ಇಳಿಸಿದ್ದಳು. ಗೋಡೆಯ ಮೇಲೆ ಪಟ್ಟೆಗಳು ಎದ್ದು ನಿಂತಿದ್ದವು. ನನ್ನ ಚಾಪೆ ಕಾಣದಾಗಿತ್ತು.

ಅವರು ಏಳು ಜನ ಬಂದರು. ಬೆಳಕಿನ ಪಟ್ಟೆಗಳೆಲ್ಲ ಬಂದವರಿಗೇ ತುಂಬಿಹೋದವು. ಇವರ ಕುರ್ಚಿಯಲ್ಲಿ ಕೊಟ್ರಮ್ಮನ ಗಂಡ ಕೂತರು. ಇವರು ಅತ್ತ ಇತ್ತ ನೋಡಿ, ಉಳಿದಿದ್ದ ಒಂದೇ ಜಾಗವಾದ ನನ್ನ ಚಾಪೆಯ ಮೇಲೆ ಕೂತರು. ಕೂತ ಕೂಡಲೇ ಇವರ ಮುಖ ನನಗೆ ಕಾಣದಾಯಿತು. ಚಂದ್ರಮೌಳಿ ತಲೆ ತಗ್ಗಿಸಿಕೊಂಡು ಕೂತಿದ್ದ, ಆದರೆ ಅಡುಗೆಮನೆಯ ಬಾಗಿಲು ಕಾಣುವ ಪಟ್ಟೆಯನ್ನೇ ಆರಿಸಿಕೊಂಡಿದ್ದ. ಅದನ್ನು ಕಂಡ ಹಾಲಮ್ಮಜ್ಜಿ, "ಗೋಡೆ ಈ ಕಡೆ ಐತಪ್ಪ," ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅಜ್ಜಿ ಗಂಟು ಹಾಕಿದ ದಾರ ಹಿಡಿದು ಗೋಡೆಗುಂಟ ನಡೆದಳು. ಒಂದೊಂದು ಬೆಳಕಿಗೂ ಒಂದೊಂದು ಗಂಟು ಸರಿಸುತ್ತಾ ಹನ್ನೊಂದರಲ್ಲಿ ನಿಂತಳು. ಕೊಟ್ರಮ್ಮನ ಮುಖ ಅರಳಿತು, ಹನ್ನೊಂದು ಎಂದರೆ ಕಡಿಮೆಯಲ್ಲ. ಆದರೆ ಅಜ್ಜಿ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ಕತ್ತಲಿನ ಪಟ್ಟೆಯನ್ನು ನೋಡುತ್ತಿದ್ದಳು.

"ಎಣಿಕೆ ಸರಿ ಐತೆ. ಕತ್ತಲು ಮಾತ್ರ ಕತ್ತಲಾಗಿಲ್ಲ, ಬೂದಿ ಬಣ್ಣ ಆಗೇತೆ," ಎಂದು ನನ್ನ ಕಡೆ ತಿರುಗಿದಳು. "ಅನಸೂಯಾ, ಒಳಗೆ ಎಲ್ಲಾದ್ರೂ ಮೂರನೇ ಉರಿ ಐತೇನವ್ವಾ?"

ಉಗ್ರಾಣದ ಹಲಗೆಯ ಬಾಗಿಲಿನ ಸಂದುಗಳಿಂದ ಬೆಳಕು ಸೋರುತ್ತಿರುವುದು ನನಗೆ ಈಗ ಹೊಳೆಯಿತು. ಸಣ್ಣ ಉರಿ, ಆದರೂ ಕತ್ತಲಿಗೆ ಅಷ್ಟೇ ಸಾಕು. ಮೂರನೇ ಉರಿ ಇರುವುದು ಹೆಣ ಇಟ್ಟ ಮನೆಯಲ್ಲಿ ಮಾತ್ರ. ಕೊಟ್ರಮ್ಮ ಕೈಯಲ್ಲಿದ್ದ ಮಂಡಕ್ಕಿಯ ತಟ್ಟೆಯನ್ನು ಕೆಳಗಿಟ್ಟರು. ಒಲೆಯ ಕೆಂಡ ಇರಬೇಕಜ್ಜಿ, ನೋಡಿ ಬರುತ್ತೇನೆ ಎಂದು ಎದ್ದೆ. ಸುಗಂಧಿ ನನ್ನ ಹಿಂದೆ ಬರಲು ಹೊರಟಳು. ಬೇಡ, ಸಕ್ಕರೆ ತಟ್ಟೆ ಜೋಡಿಸು ಎಂದೆ.

ಊದಿಬಿಡೋಣ ಎಂದೇ, ಯಾರಿಗೂ ಕಾಣದಂತೆ ಕತ್ತಲಿನ ಪಟ್ಟೆಗುಂಟ ನಡೆದು ಉಗ್ರಾಣದೊಳಗೆ ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಮಗಳ ಬದುಕು ದೊಡ್ಡದೋ ಸತ್ತವಳ ದೀಪ ದೊಡ್ಡದೋ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ. ಕಂದೀಲಿನ ಗಾಜು ಎತ್ತಿ ಬಾಗಿದೆ. ಉರಿ ನನ್ನ ಉಸಿರಿಗೆ ಬಳುಕಿ ಮತ್ತೆ ನೆಟ್ಟಗಾಯಿತು. ಆ ಉರಿಯ ಮುಂದೆ ನನಗೆ ಅಕ್ಷರ ಬಂದಿದ್ದು, ನನ್ನ ಹೇನು ಹೆಕ್ಕಿದ್ದು, ಅಪ್ಪ ಇನ್ನು ಬರುವುದಿಲ್ಲ ಎಂದು ಅವ್ವ ಹೇಳಿದ್ದು. ಗಾಜು ಇಳಿಸಿ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡೆ. ಖಾಲಿ ಚೀಲಗಳನ್ನು ಸಂದುಗಳಿಗೆ ತುರುಕಿದೆ. ಹೊಸ್ತಿಲ ಅಡಿಯ ಸಂದಿಗೆ ಸೆರಗನ್ನೇ ಮಡಚಿ ಒತ್ತಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಹೊರಗಿನಿಂದ ಅಜ್ಜಿಯ ಧ್ವನಿ ಬಂತು. ಈಗ ನೋಡಿ, ಕಾಡಿಗೆ ಹಚ್ಚಿದ ಹಾಗಿದೆ ಎನ್ನುತ್ತಿದ್ದಳು. ಯಾರೋ ಅಬ್ಬಾ ಎಂದರು. ಕೊಟ್ರಮ್ಮ ತಮ್ಮ ಮನೆಯದು ಒಂಬತ್ತೇ ಎಂದು ಹೇಳಿದ್ದು ಕೇಳಿಸಿತು. ಇಪ್ಪತ್ತೆರಡು ವರ್ಷದ ಸಂಸಾರ ಎಂದರೆ ಹೀಗಿರಬೇಕು ಎಂದು ಗಂಡಸೊಬ್ಬರು ಹೊಗಳಿದರು. ನನ್ನ ಗೋಡೆಯನ್ನು ಹೊಗಳುತ್ತಿದ್ದಾರೆ, ನಾನು ಜೋಳದ ಚೀಲಗಳ ನಡುವೆ ಬೆವರುತ್ತಾ ಕೂತಿದ್ದೇನೆ. ಇನ್ನೇನು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಆಮೇಲೆ ಗೋಡೆಯ ಮಾತು ಎತ್ತುವಂತಿಲ್ಲ. ಆದರೆ ಕೊಟ್ರಮ್ಮನಿಗೆ ಮಾತು ಬಂದಿತ್ತು. ಮದುವೆಯ ತಿಂಗಳು, ಛತ್ರ, ಯಾವ ಸೋದರಮಾವನನ್ನು ಕರೆಯಬೇಕು, ಯಾವನನ್ನು ಕರೆಯಬಾರದು. ಉಪ್ಪಿಟ್ಟು ಇನ್ನೊಂದು ಸುತ್ತು ಬಂತು. ಹೆಣ್ಣಿನ ತಾಯಿ ಎಲ್ಲಿ ಎಂದು ಯಾರೋ ಕೇಳಿದರು, ಒಲೆಯ ಮುಂದೆ ಎಂದಳು ಸುಗಂಧಿ.

ಕಂದೀಲು ಕುಗ್ಗತೊಡಗಿದ್ದು ಆಗ. ಮೊದಲು ಹಳದಿ ಹೋಗಿ ಕೆಂಪಾಯಿತು. ಬತ್ತಿ ಎತ್ತರಿಸಿದೆ, ಹೊಗೆ ಬಂತು. ಅಲುಗಾಡಿಸಿದರೆ ತಳದಲ್ಲಿ ಶಬ್ದವಿಲ್ಲ. ಎಣ್ಣೆ ಇರುವುದು ಅಂಗಡಿಯಲ್ಲಿ. ಅಂಗಡಿಗೆ ನಡುಮನೆ ದಾಟಿಯೇ ಹೋಗಬೇಕು. ಬಾಗಿಲು ತೆಗೆದರೆ ಬೆಳಕು ಹೊರಗೆ ಬೀಳುತ್ತದೆ. ಏಳುತ್ತೇನೆ ಎಂದುಕೊಂಡು ಕೂತೆ, ಕೂತಿರಬಾರದು ಎಂದುಕೊಂಡು ಎದ್ದೆ, ಮತ್ತೆ ಕೂತೆ. ಎದ್ದಾಗ ಸೆರಗು ಜಾರಿ ಹೊಸ್ತಿಲ ಅಡಿಯಲ್ಲಿ ಒಂದು ನೂಲಿನಷ್ಟು ಸಂದಿ ಬಿಟ್ಟುಕೊಂಡಿದ್ದನ್ನು ನಾನು ಗಮನಿಸಲಿಲ್ಲ. ಬೆಳಕಿನಲ್ಲಿ ಕೂತಿದ್ದ ಏಳು ಜನರೂ ಗಮನಿಸಲಿಲ್ಲ. ಅಷ್ಟು ಸಣ್ಣ ಬೆಳಕು ಕಾಣುವ ಜಾಗ ನಮ್ಮ ನಡುಮನೆಯಲ್ಲಿ ಒಂದೇ ಇತ್ತು. ಅಲ್ಲಿ ಕೂತವರು ಜೀವಮಾನವಿಡೀ ಎಣ್ಣೆ ಅಳೆದವರು. ನೆಲದ ಮೇಲಿನ ಆ ಕೆಂಪು ನೂಲು ಸಣ್ಣಗಾಗುತ್ತಾ ಬಂದಾಗ ಅದರರ್ಥ ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೊರಗೆ ಯಾರೋ ಎದ್ದ ಸದ್ದು, ಯಜಮಾನರೇ ಎಲ್ಲಿಗೆ ಎಂಬ ಮಾತು, ಅಂಗಡಿಯ ಕಡೆ ಹೋಗಿ ಬಂದ ಹೆಜ್ಜೆ. ಬಾಗಿಲನ್ನು ಹೊರಗಿನಿಂದ ಒತ್ತಿದರು. ನಾನು ಬೆನ್ನಿನಿಂದ ತಡೆದೆ. "ತೆಗಿ," ಎಂದರು ಇವರು, ಮೆಲ್ಲಗೆ. "ಇನ್ನೂ ಸಕ್ಕರೆ ಆಗಿಲ್ಲ," ಎಂದೆ. "ಗೊತ್ತು. ತೆಗಿ."

ನಾನು ಸರಿದೆ. ಇವರು ಬಾಗಿಲನ್ನು ಪೂರ್ತಿ ತೆರೆದು, ಗಿಂಡಿ ಹಿಡಿದು ಕಂದೀಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮುಚ್ಚಳ ತಿರುವಿ ಗಿಂಡಿ ಬಗ್ಗಿಸಿದರು. ಅಂಗಡಿಯಲ್ಲಿ ಒಂದು ಹನಿ ಆಚೆ ಬೀಳದಂತೆ ಅಳೆಯುವವರು ಅವತ್ತು ನನ್ನ ಕಾಲಿನ ಮೇಲೆಲ್ಲ ಚೆಲ್ಲಿದರು. ಉರಿ ಒಮ್ಮೆ ಇಲ್ಲವೆಂಬಷ್ಟು ಸಣ್ಣಗಾಗಿ, ಬತ್ತಿಗೆ ಎಣ್ಣೆ ಏರಿ, ಮೇಲೆದ್ದಿತು. ಇವರ ಹೆಗಲ ಮೇಲಿಂದ ನನಗೆ ಎದುರಿನ ಗೋಡೆ ಕಾಣುತ್ತಿತ್ತು. ಕತ್ತಲಿನ ಪಟ್ಟೆಗಳು ಬೂದಿಯಾದವು, ಬೂದಿಯೂ ತಿಳಿಯಾಯಿತು. ಏಳು ಜನರೂ ತಿರುಗಿ ನಮ್ಮನ್ನು ನೋಡುತ್ತಿದ್ದರು.

ಸುಗಂಧಿ ಸಕ್ಕರೆಯ ತಟ್ಟೆ ಹಿಡಿದುಕೊಂಡು ನಿಂತಿದ್ದಳು. "ಅದು ನಮ್ಮಜ್ಜಿಯ ದೀಪ," ಎಂದಳು ಕೊಟ್ರಮ್ಮನಿಗೆ. "ಅವ್ವ ಎರಡು ವರ್ಷದಿಂದ ಕಾಪಾಡಿಕೊಂಡು ಬಂದಿದಾಳೆ. ನಾನೂ ನಿಮ್ಮನೆಗೆ ತರ್ತೀನಿ. ಬೇಡ ಅನ್ನೋದಾದ್ರೆ ಈಗಲೇ ಅಂದುಬಿಡಿ." ಅವಳ ಗಲ್ಲ ಈ ಸಲ ನಡುಗಲಿಲ್ಲ. ಚಂದ್ರಮೌಳಿ ತಾಯಿಯ ಮುಖವನ್ನೇ ನೋಡುತ್ತಿದ್ದ.

ಹಾಲಮ್ಮಜ್ಜಿ ದಾರ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನು ಎಣಿಸಿದಾಗ ಹನ್ನೊಂದಿದ್ವು. ಇನ್ನೊಂದ್ಸಲ ಎಣಿಸೋಕೆ ನನ್ನ ಕಣ್ಣು ಸರಿ ಇಲ್ಲ," ಎಂದು ತಟ್ಟೆಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಕೊಟ್ರಮ್ಮನೂ ಚಿಟಿಕೆ ತೆಗೆದುಕೊಂಡರು, ಆದರೆ ಬಾಯಿಗೆ ಹಾಕಲಿಲ್ಲ. ಬೆರಳ ನಡುವೆ ಹಿಡಿದುಕೊಂಡು ಗೋಡೆ ನೋಡಿದರು, ಉಗ್ರಾಣದ ಬಾಗಿಲು ನೋಡಿದರು, ಎಣ್ಣೆ ಚೆಲ್ಲಿದ ನನ್ನ ಕಾಲು ನೋಡಿದರು. ಸಕ್ಕರೆ ಅವರ ಬೆರಳಿಗೆ ಅಂಟುವಷ್ಟು ಹೊತ್ತಾಯಿತು. ಕೊನೆಗೆ ಬಾಯಿಗೆ ಹಾಕಿಕೊಂಡು, ಮಗನ ಕಡೆ ತಿರುಗಿ, "ಗೂಡು ಮೂರು ಮಾಡಿಸಬೇಕಾಗ್ತದೆ ಹಂಗಾದ್ರೆ," ಎಂದರು. ಸಂತೋಷದಿಂದ ಅಂದರೋ ಬೇಸರದಿಂದ ಅಂದರೋ ನನಗೆ ಇವತ್ತಿಗೂ ತಿಳಿಯದು.

ಅವರೆಲ್ಲ ಹೋದ ಮೇಲೆ ಕಂದೀಲನ್ನು ನಡುಮನೆಗೆ ತಂದಿಟ್ಟೆ. ಸಾದಾ ಬೆಳಕಿನಲ್ಲಿ ಮಂಡಕ್ಕಿ ಚೆಲ್ಲಾಡಿದ್ದು, ತಟ್ಟೆಗಳು, ಎಲ್ಲ ಕಂಡವು. ಇವರು ಕುರ್ಚಿಗೆ ಹೋಗಲಿಲ್ಲ, ನನ್ನ ಚಾಪೆಯ ಮೇಲೇ ಮತ್ತೆ ಕೂತರು. ಅಲ್ಲಿದ್ದ ನನ್ನ ಸೂಜಿಯನ್ನೂ ದಾರದ ಉಂಡೆಯನ್ನೂ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಆಗ ಇಲ್ಲಿ ಕೂತ್ರೆ ಸ್ವಂತ ಕೈ ಕಾಣ್ಸಲಿಲ್ಲ," ಎಂದರು. "ಸೂಜಿಗೆ ದಾರ ಹೆಂಗೆ ಪೋಣಿಸ್ತಿದ್ದೆ ನೀನು?"

"ನಾಲಿಗೆ ತುದಿಯಲ್ಲಿ ಕಣ್ಣು ಹುಡುಕಿ," ಎಂದೆ. ಇವರು ಸೂಜಿಯನ್ನು ಬಾಯಿಯ ಹತ್ತಿರ ತಂದರು, ಹಾಗೇ ಹಿಡಿದುಕೊಂಡು ಕೂತರು.